ಮೇಲಧಿಕಾರಿಯ ಮೂಲಕ

ವೈನಿ, ನನ್ನ ಅಣ್ಣನ ಹೆಂಡತಿ, ತೀರಿಕೊಂಡು ತಿಂಗಳಾಯಿತು. ಅವಳು ಇರುವವರೆಗೆ ಇದನ್ನು ಬರೆಯಲು ನನ್ನಿಂದಾಗಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ಧಾರವಾಡ ಬಿಟ್ಟು ದೊಡ್ಡ ಶಹರಕ್ಕೆ ಬಂದ ನಾವು ಆಂಟಾಪ್ ಹಿಲ್‌ನಲ್ಲಿ, ಬಾಡಿಗೆ ಕೋಣೆಗಳ ಚಾಳೊಂದರ ಒಂದೇ ಖೋಲಿಯಲ್ಲಿದ್ದೆವು. ನಾನು ಗುಮಾಸ್ತ. ಅಣ್ಣ ಸೈನ್ಯದ ಡಿಪೋ ಒಂದರಲ್ಲಿ ಲಾರಿ ಓಡಿಸುತ್ತಿದ್ದ. ಸೂಟಿ ಸಿಕ್ಕ ಭಾನುವಾರ ಮನೆಗೆ ಬರುತ್ತಿದ್ದ.

ಒಂದು ಭಾನುವಾರ ಬಂದಾಗ ಅವನ ಮೊಣಕಾಲು ಬಾತಿದ್ದವು. ಬ್ರೇಕು ಹಿಡಿಯದ ಲಾರಿಯನ್ನು ಒಯ್ಯುವುದಿಲ್ಲ ಎಂದದ್ದಕ್ಕೆ ಅವನ ಕ್ಯಾಪ್ಟನ್ ಶಿಕ್ಷೆಯೆಂದು ಅವನ ಬೆನ್ನಿಗೆ ಭಾರ ಹೊರಿಸಿ ಬಿಸಿಲಲ್ಲಿ ಓಡಿಸಿದ್ದ.

"ತಮ್ಮಾ, ದೊಡ್ಡ ಸಾಹೇಬರಿಗೆ ಒಂದು ಅರ್ಜಿ ಬರಿ. ಬ್ರೇಕಿಂದು ಬರಿ. ಮೊಣಕಾಲಿಂದು ಬ್ಯಾಡ, ನಗತಾರ."

"ಎರಡೂ ಬರಿ," ಎಂದಳು ವೈನಿ ಒಲೆಯ ಮುಂದಿನಿಂದ. "ಆ ಮೊಣಕಾಲಿಗೆ ಎಣ್ಣಿ ತಿಕ್ಕಾಕಿ ನಾ."

ಇಂಗ್ಲಿಷಿನಲ್ಲಿ ಬರೆದೆ. ನಮ್ಮ ಕಚೇರಿಯಲ್ಲಿ ರಜೆಯ ಚೀಟಿಗೂ ತಲೆಯ ಮೇಲೆ 'ಮೇಲಧಿಕಾರಿಯ ಮೂಲಕ' ಎಂಬ ಸಾಲು ಬೇಕು. ಕೈ ರೂಢಿಯಿಂದ ಅದನ್ನೂ ಬರೆಯಿತು. ಅಣ್ಣನಿಗೆ ಇಂಗ್ಲಿಷ್ ಬಾರದು; ಹಾಗೆಯೇ ಅಂಚೆಗೆ ಹಾಕಿದ. ದೊಡ್ಡ ಸಾಹೇಬರ ಕಚೇರಿಯವರು ಆ ಸಾಲು ನೋಡಿ, ಮೇಲಧಿಕಾರಿಯ ಸಹಿ ಇಲ್ಲವೆಂದು ಅರ್ಜಿಯನ್ನು ಕ್ಯಾಪ್ಟನ್ನನಿಗೇ ಕಳಿಸಿದರು.

ಅಣ್ಣನನ್ನು ಏಳು ದಿನ ಕಾವಲು ಕೋಣೆಯಲ್ಲಿ ಕೂಡಿಹಾಕಿದರು. ಹೊರಬಂದಾಗ ಅದೇ ಲಾರಿ ಕೊಟ್ಟರು. ಘಟ್ಟದ ಇಳಿಜಾರಿನಲ್ಲಿ ಅದು ಉರುಳಿತು. ಅಣ್ಣ ಹೋದ.

ಚಾಳಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದರು. ಅವರಿಗೆ ನನ್ನ ತಪ್ಪು ಹೇಳಿಕೊಂಡೆ.

"ಆ ಸಾಲು ಬರೀದಿದ್ರ, ನಮ್ಮನ್ನ ದಾಟಿ ಬರದಾನ ಅಂತ ಅದಕ್ಕೂ ಶಿಕ್ಷಾ ಆಗತಿತ್ತು, ಮಗಾ. ಅಲ್ಲಿ ಇರೂ ಬಾಗಿಲಾ ಒಂದ."

ನನ್ನ ಸಮಾಧಾನಕ್ಕೆಂದೇ ಅವರು ಹೇಳಿದ್ದು. ನಾನು ಎದ್ದು ಬಂದೆ.

ತಿಥಿ ಮುಗಿದ ವಾರಕ್ಕೆ, ಸಾವಿನ ವಿಚಾರಣೆಗೆಂದು ಬಂದವನು ಅದೇ ಕ್ಯಾಪ್ಟನ್. ಮನೆಯ ಒಂದೇ ಕುರ್ಚಿಯಲ್ಲಿ ಕುಳಿತ. ಬಂದವರಿಗೆ ಕೊಡುವಂತೆ ವೈನಿ ಅವನಿಗೂ ಚಹಾ ಕೊಟ್ಟಳು. ಅವನು ಚಾಚಿದ ಕಾಗದದಲ್ಲಿ, ಮನೆಯವರಿಗೆ ಯಾರ ಮೇಲೂ ದೂರಿಲ್ಲ ಎಂದು ಟೈಪಾಗಿತ್ತು. ವೈನಿ ಹೆಬ್ಬೆಟ್ಟು ಒತ್ತದೆ ಆ ಕಾಗದ ಮುಂದೆ ಹೋಗದು. ಅದು ಹೋಗದೆ ಅವಳಿಗೆ ಪೆನ್ಷನ್ ಇಲ್ಲ.

ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

"ದೂರು ಐತಿ ಅಂದ್ರ?" ಎಂದಳು ವೈನಿ. "ಯಾರ ಕೈಯಾಗ ಕೊಡೂದು, ಕೇಳು."

ಹಿಂದಿಯಲ್ಲಿ ಕೇಳಿದೆ. ಅವನು ಚಹಾದ ಬಶಿ ಕೆಳಗಿಟ್ಟ. ಒರಟಾಗಿಯೇನೂ ಮಾತಾಡಲಿಲ್ಲ.

"ನನಗೇ ಕೊಡಿ. ನಾನೇ ಮುಂದೆ ಕಳಿಸಬೇಕು."

ವೈನಿಗೆ ಅದನ್ನೂ ಹೇಳಿದೆ. ಅವಳು ಬಹಳ ಹೊತ್ತು ಅವನ ಬೂಟುಗಳನ್ನು ನೋಡಿದಳು. ಆಮೇಲೆ ಕೈಯನ್ನು ನನ್ನತ್ತ ಚಾಚಿದಳು. ಅವಳ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒತ್ತಿಸಿದವನು ನಾನೇ. ಕೆಳಗೆ ಸಾಕ್ಷಿ ಎಂದಿದ್ದಲ್ಲಿ ನನ್ನ ಸಹಿ ಹಾಕಿದೆ.

ಮಸಿ ಎರಡು ದಿನ ಹೋಗಲಿಲ್ಲ. ಆ ಕೈಯಿಂದಲೇ ಅವಳು ನನಗೆ ರೊಟ್ಟಿ ಬಡಿದು ಹಾಕಿದಳು. ನಾನು ತಲೆಯೆತ್ತದೆ ಉಂಡೆ.