ಲೀಲಕ್ಕನ ಹಲಸಿನ ಗಂಟು

ಲೀಲಕ್ಕ ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ಫ್ಯಾನು ಆರಿಸುತ್ತಿದ್ದರು. ನಮ್ಮ ಗೃಹಪ್ರವೇಶದ ದಿನ ಹೊಸ ಮಂಚದ ಮೇಲೆ ಫ್ಯಾನು ಗಿರಗಿರ ತಿರುಗುವುದನ್ನು ಕಂಡು ನೇರ ಸ್ವಿಚ್ಚಿಗೇ ಕೈ ಹಾಕಿದರು. "ಗಾಳಿ ಬಡಿದ್ರೆ ಹೊಸ ಮರ ಒಡೀತದೆ ಮಾರಾಯ್ತಿ. ನೆಂಟರು ಬೆವರಿದ್ರೆ ಒರೆಸಿಕೊಳ್ತಾರೆ." ಏಪ್ರಿಲ್ ತಿಂಗಳ ಸೆಕೆ. ನೆಂಟರು ಒರೆಸಿಕೊಂಡರು, ನಾನೂ ಒರೆಸಿಕೊಂಡೆ.

ಕುಕ್ಕುಂದೂರಿನಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಗಂಡ ತೀರಿಕೊಂಡ ಮೇಲೆ ಅವರ ಲೇತ್ ಯಂತ್ರವನ್ನು ಮಾರುವ ಬದಲು ತಾವೇ ಅದರ ಮುಂದೆ ನಿಂತು ಮರದ ಬಟ್ಟಲು ಕಡೆಯಲು ಕಲಿತವರು. ಮರದ ಮಿಲ್ಲಿನವರು ಸೌದೆಗೆ ಎಸೆಯುವ ಗಂಟುಗಳೆಂದರೆ ಅವರಿಗೆ ಪ್ರಾಣ. ಮರದ ಮೈಯಲ್ಲಿ ಬಾವು ಬಂದಂತೆ ಉಬ್ಬಿಕೊಂಡ ಆ ಗಂಟನ್ನು ಕೊಯ್ದರೆ ಒಳಗೆ ಎಳೆಗಳು ನೆಟ್ಟಗಿರುವುದಿಲ್ಲ, ಸುಳಿಸುಳಿಯಾಗಿ ಸುತ್ತಿಕೊಂಡಿರುತ್ತವೆ. ಚಂದವೂ ಅಲ್ಲಿಯೇ, ತಲೆನೋವೂ ಅಲ್ಲಿಯೇ. "ಒಂದೊಂದು ಎಳೆ ಒಂದೊಂದು ಕಡೆಗೆ ಎಳೀತದೆ. ಹೊರಗೆ ಒಣಗಿ ಒಳಗೆ ಹಸಿ ಉಂಟು ಅಂತಾದ್ರೆ ಒಡೆಯದೆ ಎಂತ ಮಾಡ್ತದೆ?" ಎನ್ನುತ್ತಿದ್ದರು. ಹಾಗಾಗಿ ಒಳಗೂ ಹೊರಗೂ ನಿಧಾನವಾಗಿ ಒಟ್ಟಿಗೇ ಒಣಗಲೆಂದು ಕೊಯ್ದ ಮುಖಕ್ಕೆಲ್ಲ ಮೇಣ ಬಳಿದು, ಗೋಣಿಯಲ್ಲಿ ಮರದ ಹುಡಿ ತುಂಬಿ, ಅದರೊಳಗೆ ಗಂಟನ್ನು ಹುಗಿದು ಕತ್ತಲೆ ಮೂಲೆಯಲ್ಲಿಡುತ್ತಿದ್ದರು. ಆಗಾಗ ತೆಗೆದು, ಬೂಷ್ಟು ಬಂದಿದ್ದರೆ ಒರೆಸಿ, ಒದ್ದೆಯಾದ ಹುಡಿ ಬದಲಾಯಿಸಿ, ಮಗ್ಗುಲು ಹೊರಳಿಸಿ ಮತ್ತೆ ಮಲಗಿಸುತ್ತಿದ್ದರು.

ಕೊನೆಗೆ ಸಿಕ್ಕಿದ್ದು ಒಂದು ಹಲಸಿನ ಗಂಟು, ಹಂಡೆಯಷ್ಟು ದೊಡ್ಡದು. ಅಷ್ಟು ಹೊತ್ತಿಗೆ ಅವರಿಗೆ ಉಬ್ಬಸ ಜೋರಾಗಿತ್ತು. ಮರದ ಹುಡಿಯ ಹತ್ತಿರ ಸುಳಿಯಬೇಡಿ ಎಂದು ಡಾಕ್ಟರು ಹೇಳಿದ್ದರು. "ಇದರಲ್ಲಿ ಒಂದು ದೊಡ್ಡ ಬಟ್ಟಲು ಮಾಡ್ತೇನೆ. ಆಮೇಲೆ ಲೇತ್ ಬಂದ್" ಎಂದು ಇವರ ಹಟ. ಕಾಪುವಿನಲ್ಲಿ ಹೋಟೆಲು ತೆರೆಯುವವರೊಬ್ಬರು ಉದ್ಘಾಟನೆಗೆ ಆ ಬಟ್ಟಲು ಬೇಕೆಂದು ಬಂದು, ಬಿಸಿಲಿಗೆ ಇಟ್ಟರೆ ಬೇಗ ಒಣಗುವುದಿಲ್ಲವೇ ಎಂದು ಕೇಳಿದರು.

"ಬಿಸಿಲಿಗೆ ಇಡ್ಲಿಕ್ಕೆ ಇದೆಂತ ಹಪ್ಪಳವಾ?"

ಹೋಟೆಲಿನವರು ಚಹಾ ಕುಡಿದು ಹೊರಟುಹೋದರು. ನಿಜವಾಗಿ ಅವಸರವಿದ್ದದ್ದು ಲೀಲಕ್ಕನಿಗೇ. ಅವರ ಉಸಿರು ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು, ಗಂಟು ಇನ್ನೂ ಹಸಿಯಾಗಿತ್ತು. ಆದರೂ ಅದನ್ನು ಅವರು ಅವಸರಪಡಿಸಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಅಷ್ಟೇ ಪ್ರೀತಿಯೂ.

ಮಳೆ ಹಿಡಿದ ಮೇಲೆ ಅವರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಗೋಣಿಯ ಉಸ್ತುವಾರಿ ನನ್ನದಾಯಿತು. ಹೇಳಿಕೊಟ್ಟ ಹಾಗೆಯೇ ನೋಡಿಕೊಂಡೆ. ಆದರೂ ಒಂದು ಬೆಳಿಗ್ಗೆ ಗಂಟನ್ನು ಹೊರಳಿಸುವಾಗ ಬಿರುಕು ಕಣ್ಣಿಗೆ ಬಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಅವರು ಮೊದಲು ಕೇಳಿದ್ದೇ ಅದನ್ನು. "ಒಡೆದಿಲ್ಲ ಅಲ್ವಾ?"

ಇಲ್ಲ ಎನ್ನಬೇಕೆಂದೇ ಹೋಗಿದ್ದೆ. ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. "ಒಂದು ಬದಿ ಸ್ವಲ್ಪ ಬಿರುಕು ಬಿಟ್ಟಿದೆ ಲೀಲಕ್ಕ."

"ಬಿರುಕಿನೊಳಗೆ ಉಗುರು ಹೋಗ್ತದಾ?"

"ಹೋಗ್ತದೆ."

ಕಣ್ಣು ಮುಚ್ಚಿಕೊಂಡರು. ಅಳುತ್ತಾರೆಂದುಕೊಂಡೆ. ಆದರೆ ಹೊದಿಕೆಯ ಮೇಲೆ ಎರಡೂ ಕೈಗಳನ್ನು ಬಟ್ಟಲಿನ ಆಕಾರಕ್ಕೆ ಹಿಡಿದು, ಅವುಗಳನ್ನು ತುಸು ಹತ್ತಿರ ತಂದು, "ಆ ಬದಿ ಕೊಯ್ದು ತೆಗೆಯುವ. ಇಷ್ಟು ಸಣ್ಣದು ಆಗ್ತದೆ. ಸಾಕು ಅಲ್ವಾ?" ಎಂದರು.

"ಸಾಕು" ಎಂದೆ.

ಅದೇ ಕೊನೆಯ ಭೇಟಿ. ಅವರು ಹೋದ ಮೇಲೆ ಆ ಬದಿಯನ್ನು ಮಿಲ್ಲಿನಲ್ಲಿ ಕೊಯ್ಯಿಸಿ ತಂದು, ಹೊಸ ಮುಖಕ್ಕೆ ಮೇಣ ಬಳಿದೆ. ಉಳಿದದ್ದು ಒಡೆಯದೆ ಒಣಗಿದೆ. ಅದರಲ್ಲಿ ಬಟ್ಟಲು ಮಾಡಿಕೊಡುತ್ತೇನೆಂದು ಕಾರ್ಕಳದ ಆಚಾರಿಯೊಬ್ಬರು ಎರಡು ಸಲ ಕೇಳಿದ್ದಾರೆ. ಕೊಡಲು ನನಗೆ ಇನ್ನೂ ಮನಸ್ಸು ಬಂದಿಲ್ಲ.