ಗಾಡಿ ಮಾಮನ ಒಂಟಿ ಚಪ್ಪಲಿ

ಮಕ್ಕಳ ವಾರ್ಡಿನಿಂದ ಆಪರೇಷನ್ ಥಿಯೇಟರಿನ ಬಾಗಿಲಿಗೆ ನೂರು ಹೆಜ್ಜೆಯೂ ಇಲ್ಲ. ಆದರೆ ಅಷ್ಟರೊಳಗೆ ಎಂಥ ಗಟ್ಟಿಗ ಮಗುವಿನ ಎದೆಯೂ ಡವಡವ ಹೊಡೆದುಕೊಳ್ಳುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಆ ದಾರಿಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವನನ್ನು ಮಕ್ಕಳು ಕರೆಯುತ್ತಿದ್ದುದು ಗಾಡಿ ಮಾಮ ಎಂದು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

"ಏನೂ ನೋವಾಗಲ್ಲ ಚಿನ್ನ" ಎಂದು ಅಪ್ಪ ಅಮ್ಮಂದಿರು ಹೇಳುವುದನ್ನು ಕೇಳಿದರೆ ಅವನಿಗೆ ಮೈ ಉರಿಯುತ್ತಿತ್ತು. ಮಕ್ಕಳ ಕಿವಿಗೆ ಹೂ ಇಡುವುದು ಅಷ್ಟು ಸುಲಭವೇ? ಅವನದು ಬೇರೆ ಉಪಾಯ. ಮಗುವಿನ ಒಂದು ಚಪ್ಪಲಿ ಕೇಳಿ ಇಸಿದುಕೊಂಡು ತನ್ನ ಕೋಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದ.

"ಒಂದೇ ಚಪ್ಪಲಿ ಕಳ್ಳನಿಗೂ ಬೇಡ ನೋಡು. ಕೊಡೋಕೆ ನಾನು ಬರಲೇಬೇಕು, ಹಾಕ್ಕೊಳ್ಳೋಕೆ ನೀನು ಬರಲೇಬೇಕು."

ಎಷ್ಟೋ ಮಕ್ಕಳು ಆ ಒಂದು ಮಾತಿನ ಧೈರ್ಯದಲ್ಲಿ ಒಳಗೆ ಹೋಗಿ, ಎಚ್ಚರವಾದೊಡನೆ ಚಪ್ಪಲಿಯನ್ನೇ ಕೇಳಿದ್ದವು.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಹೋದ ವರ್ಷ ಒಬ್ಬ ಹುಡುಗಿಯ ಎಡಗಿವಿಯ ಆಪರೇಷನ್ ತಡವಾಯಿತು. ಎರಡು ಗಂಟೆಗೆ ಡ್ಯೂಟಿ ಮುಗಿದದ್ದೇ ತಡ, ಇವನು ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿಬಿಟ್ಟ. ಜೇಬಿನಲ್ಲಿದ್ದ ಅವಳ ಚಪ್ಪಲಿಯ ನೆನಪಾದದ್ದು ಮರುದಿನ ಬೆಳಿಗ್ಗೆ, ಕೋಟು ತೊಟ್ಟಾಗ.

"ಕಿವಿ ನೋವಿಗೆ ಅಳಲಿಲ್ಲ ಅಣ್ಣ. ನೀವು ಬರಲಿಲ್ಲ ಅಂತ ಅತ್ತಿದ್ದು" ಎಂದಳು ಹುಡುಗಿಯ ತಾಯಿ, ಅವನು ಚಪ್ಪಲಿ ಕೊಡಲು ಹೋದಾಗ. ಆ ಮಾತು ಅವನನ್ನು ವರ್ಷವಿಡೀ ಚುಚ್ಚುತ್ತಿತ್ತು.

ಈಗ ಅದೇ ಹುಡುಗಿ ಬಲಗಿವಿಯ ಆಪರೇಷನ್ನಿಗೆ ಬಂದಿದ್ದಳು. ಎಂಟು ವರ್ಷ. ಇವನನ್ನು ಕಂಡದ್ದೇ ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇವರ ಗಾಡಿ ಬೇಡ. ಇವರು ಸುಳ್ಳು ಹೇಳ್ತಾರೆ."

ಅಳುತ್ತ ಒಳಗೆ ಹೋದ ಮಗು ಅರಿವಳಿಕೆಯ ಮಾಸ್ಕ್ ಕಂಡರೆ ಒದ್ದಾಡುತ್ತದೆ, ನಾಲ್ಕು ಜನ ಹಿಡಿದು ಮಲಗಿಸಬೇಕಾಗುತ್ತದೆ. ಇವಳಿಗೆ ಹಾಗಾದರೆ ಅದು ತನ್ನಿಂದಲೇ ಎಂಬುದು ಅವನಿಗೆ ಗೊತ್ತಿತ್ತು. ಅವನು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ.

"ತಪ್ಪು ನಂದೇ ಪುಟ್ಟಿ. ಮರೆತುಬಿಟ್ಟೆ."

ಹುಡುಗಿ ಕಂಬಿ ಬಿಟ್ಟು ಅವನ ಕಾಲಿನತ್ತ ಬೆರಳು ತೋರಿಸಿದಳು.

"ಈ ಸಲ ನಂದು ಕೊಡಲ್ಲ. ನಿಮ್ಮದು ಕೊಡಿ. ಒಂದೇ."

"ಏಯ್, ಏನೇ ಅದು" ಎಂದು ತಾಯಿ ಗದರುವಷ್ಟರಲ್ಲಿ ಅವನು ಎಡಗಾಲಿನ ಚಪ್ಪಲಿ ಬಿಚ್ಚಿ ಕೊಟ್ಟಿದ್ದ. ಹುಡುಗಿ ಆ ಸವೆದ ಚಪ್ಪಲಿಯನ್ನು ಅಮ್ಮನ ಮಡಿಲಿಗಿಟ್ಟು, "ನಾನು ಹೇಳೋವರೆಗೂ ಕೊಡಬೇಡ" ಎಂದು ಅಪ್ಪಣೆ ಮಾಡಿ, ತಾನೇ ಸ್ಟ್ರೆಚರ್ ಹತ್ತಿ ಮಲಗಿದಳು.

ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು. ಹಿರಿಯ ನರ್ಸ್ ಕಣ್ಣು ಕೆಕ್ಕರಿಸಿದರು.

"ಏನ್ರಿ ಇದು ಅವತಾರ?"

"ಅಡ ಇಟ್ಟಿದೀನಿ ಸಿಸ್ಟರ್."

ಈ ಸಲವೂ ತಡವಾಯಿತು. ಎರಡು ಹೊಡೆಯಿತು, ಮುಂದಿನ ಪಾಳಿಯವನು ಬಂದ. ತಾಯಿಗೆ ಪಾಪ ಎನ್ನಿಸಿ ಚಪ್ಪಲಿ ಚಾಚಿದಳು.

"ಹಾಕ್ಕೊಂಡು ಹೊರಡಿ ಅಣ್ಣ. ಎದ್ದ ಮೇಲೆ ನಾನು ಸಮಾಧಾನ ಮಾಡ್ತೀನಿ."

"ಬೇಡಮ್ಮ. ಕೊಟ್ಟರೆ ಹೋಗಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

ಅವನು ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತ. ನಾಲ್ಕರ ಹೊತ್ತಿಗೆ ಹುಡುಗಿಯನ್ನು ವಾರ್ಡಿಗೆ ತಂದು ಮಲಗಿಸಿದರು. ತಲೆಗೆ ಸುತ್ತಿದ ಪಟ್ಟಿ, ಅರೆತೆರೆದ ಕಣ್ಣು. ಮಂಚದ ಬಳಿ ಬಂದು ನಿಂತ ಅವನ ಮುಖವನ್ನು ಅವಳು ನೋಡಲೇ ಇಲ್ಲ. ನಿಧಾನವಾಗಿ ಕಣ್ಣು ಕೆಳಗಿಳಿಸಿ, ದೂಳು ಮೆತ್ತಿದ್ದ ಆ ಬರಿಗಾಲನ್ನು ನೋಡಿದಳು.

"ಅಮ್ಮ, ಕೊಟ್ಟುಬಿಡು" ಎಂದಳು ಬತ್ತಿದ ದನಿಯಲ್ಲಿ. "ಪಾಪ, ಮನೆಗೆ ಹೋಗ್ಲಿ."