ಅತ್ತಿಗೆಯ ಲೆಕ್ಕದಲ್ಲಿ ಒಬ್ಬಳು ಹೆಚ್ಚು

ನಮ್ಮ ಅಮ್ಮನಿಗೆ ದೊಡ್ಡ ಸೊಸೆಯ ಕೆಲಸದ ಬಗ್ಗೆ ಬಹಳ ಹೆಮ್ಮೆ. ಆ ಕೆಲಸ ಏನೆಂಬುದು ಮಾತ್ರ ತಿಳಿಯದು. "ರಕ್ತ ನೋಡಿ ಹಣೆಬರಹ ಹೇಳ್ತಾಳೆ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಬಂದವರು ಕೂಡಲೇ ತಮ್ಮ ಮಂಡಿನೋವಿನ ಕಥೆ ಬಿಚ್ಚುತ್ತಾರೆ.

"ಅತ್ತೆ, ನಾನು ರಕ್ತ ಮುಟ್ಟೋದೇ ಇಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರ್ತೀನಿ."

"ಅದನ್ನ ಅವರ ಮುಂದೆ ಹೇಳಬೇಡ. ಮರ್ಯಾದೆ ಹೋಗುತ್ತೆ."

ಅತ್ತಿಗೆ ಇರುವುದು ಆಸ್ಪತ್ರೆಗಳಿಗೆ ವಂಶವಾಹಿ ಪರೀಕ್ಷೆ ಮಾಡಿಕೊಡುವ ಲ್ಯಾಬಿನಲ್ಲಿ. ನಮ್ಮೆಲ್ಲರ ಜೀವಕೋಶಗಳಲ್ಲಿ ಒಂದು ಉದ್ದನೆಯ ಬರಹವಿದೆಯಂತೆ, ಅದರಲ್ಲಿ ಅಲ್ಲಲ್ಲಿ ಅಕ್ಷರ ಬದಲಾಗಿರುತ್ತದಂತೆ. ಹೆಚ್ಚಿನವು ನನ್ನ ಮೂಗಿನ ಹಾಗೆ. ಸೊಟ್ಟಗಿದ್ದರೂ ಉಸಿರಾಟಕ್ಕೆ ತೊಂದರೆಯಿಲ್ಲ. ಕೆಲವು ಜೀವಕ್ಕೇ ಕುತ್ತು. ಯಾವುದು ಎಂಥದೆಂದು ಅತ್ತಿಗೆ ತೀರ್ಮಾನಿಸಬೇಕು: ಅಪಾಯ, ನಿರಪಾಯ, ಇಲ್ಲವೇ ಗೊತ್ತಿಲ್ಲ. ಈ ಮೂರನೆಯದೇ ಜಾಸ್ತಿ.

"ಗೊತ್ತಿಲ್ಲ ಅನ್ನೋಕೂ ಸಂಬಳ ಕೊಡ್ತಾರಾ?" ಎಂದು ಮ್ಯಾನೇಜರ್ ಆಗಿರುವ ಅಣ್ಣ ಛೇಡಿಸುತ್ತಾನೆ.

"ಗೊತ್ತಿಲ್ಲದ್ದನ್ನೆಲ್ಲ ಗೊತ್ತು ಅಂತ ಹೇಳಿ ನೀವು ತಗೊಳ್ಳಲ್ವಾ, ಹಾಗೇ."

ಆದರೆ ಒಂದು ಸಲ ಅತ್ತಿಗೆಯೇ "ಗೊತ್ತು" ಎಂದುಬಿಟ್ಟರು. ಒಬ್ಬ ಟೈಲರ್ ಹೆಂಗಸಿನ ವರದಿ ಅದು. ಹೊಸದಾಗಿ ಮದುವೆಯಾದವಳು; ತಾಯಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಇವಳ ಬರಹದಲ್ಲಿ ಒಂದು ಅಕ್ಷರ ಬದಲಾಗಿತ್ತು. ಲ್ಯಾಬುಗಳೆಲ್ಲ ಸೇರಿ ಇಟ್ಟಿರುವ ಸಂಗ್ರಹದಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ, ಅದೇ ಕ್ಯಾನ್ಸರಿನ ಇಬ್ಬರು ರೋಗಿಗಳಲ್ಲೂ ಇದೇ ಬದಲಾವಣೆ ಸಿಕ್ಕಿತ್ತು. ಒಬ್ಬರಾದರೆ ಸಾಲದು, ಇಬ್ಬರಾದರೆ ತಕ್ಕಡಿ ವಾಲುತ್ತದೆ. ಅತ್ತಿಗೆ ಅಪಾಯವೆಂದು ಬರೆದರು. ಅಂಡಾಶಯ ತೆಗೆಸುವುದೆಂದು ಟೈಲರ್ ಅತ್ತು ಕರೆದು ಒಪ್ಪಿದಳು. ತೆಗೆಸಿದರೆ ಆಮೇಲೆ ಬಸಿರಿನ ಮಾತಿಲ್ಲ.

ಒಂದು ಮಧ್ಯಾಹ್ನ ಬೇರೆ ಲ್ಯಾಬಿನ ಗೆಳತಿ ಫೋನಿನಲ್ಲಿ ಹರಟುತ್ತಿದ್ದಳು.

"ನಿಮ್ಮ ಲ್ಯಾಬ್ ಅಂದ್ರೆ ಕೆಲವರಿಗೆ ನಂಬಿಕೆ ಇಲ್ಲ ಕಣೇ. ನೀನು ಮೊನ್ನೆ ಕೇಳಿದ್ದೆಯಲ್ಲ, ಅದೇ ಬದಲಾವಣೆ ಇರೋ ನಮ್ಮ ಬಸ್ ಕಂಡಕ್ಟರಮ್ಮ, ನಿಮ್ಮಲ್ಲಿ ಪರೀಕ್ಷೆ ಮಾಡಿಸಿಕೊಂಡು ಮತ್ತೆ ನಮ್ಮಲ್ಲಿಗೂ ಬಂದಿದ್ದಳು."

ಅತ್ತಿಗೆ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. ಎರಡೂ ಲ್ಯಾಬುಗಳು ಅವಳನ್ನು, ರೋಗಿಯ ಹೆಸರೇ ಇರದ ಆ ಸಂಗ್ರಹಕ್ಕೆ ಸೇರಿಸಿದ್ದವು. ಇಬ್ಬರು ರೋಗಿಗಳಲ್ಲ, ಎರಡು ಕಡೆ ರಕ್ತ ಕೊಟ್ಟ ಒಬ್ಬಳೇ ಕಂಡಕ್ಟರಮ್ಮ. ಹಾಗಿದ್ದರೆ ಟೈಲರಿಗೆ ಹೇಳಬೇಕಾಗಿದ್ದ ಮಾತು "ಗೊತ್ತಿಲ್ಲ" ಎಂಬುದು.

ಅತ್ತಿಗೆ ನೇರ ಮುಖ್ಯಸ್ಥರ ಕೋಣೆಗೆ ಹೋದರು. ಅವರನ್ನು ಲ್ಯಾಬಿನಲ್ಲಿ ಎಲ್ಲರೂ ಸಹಿ ಸಾಹೇಬರೆಂದೇ ಕರೆಯುತ್ತಾರೆ; ವರದಿಯ ಕೊನೆಯ ಪುಟದಲ್ಲಿ ಅವರ ಸಹಿ ಕಾಲು ಚಾಚಿ ಮಲಗುತ್ತದೆ.

"ಸಮಿತಿಯ ಮುಂದೆ ಇಡೋಣ," ಎಂದರು ಸಾಹೇಬರು. "ಎಲ್ಲದಕ್ಕೂ ಒಂದು ಕ್ರಮ ಅಂತ ಇದೆ. ನಮ್ಮ ಸಂಸ್ಥೆಯ ಘನತೆ..."

"ಆಪರೇಷನ್ ಸಮಿತಿಗೆ ಕಾಯಲ್ಲ ಸರ್."

"ನಾನು ಸಹಿ ಹಾಕಿದೀನಲ್ರೀ."

"ಸಹಿ ನೀವು ಹಾಕಿದ್ದು ಸರ್, ತಪ್ಪು ಲೆಕ್ಕ ಹಾಕಿದ್ದು ನಾನು. ಫೋನ್ ನಾನೇ ಮಾಡ್ತೀನಿ."

ಇದು ಸಾಹೇಬರಿಗೆ ಹಿಡಿಸಿತು. ತಪ್ಪಿಗೆ ವಾರಸುದಾರರು ಸಿಕ್ಕ ಮೇಲೆ ಘನತೆಗೆ ಕುಂದಿಲ್ಲ.

ಸರ್ಜನ್ ಸಿಕ್ಕರು. ಟೈಲರ್ ಆಗಲೇ ದಾಖಲಾಗಿದ್ದಳು. ಬೆಳಗಾದರೆ ಆಪರೇಷನ್ ಇತ್ತು, ಅದು ನಿಂತಿತು. ಮನೆಯಲ್ಲಿ ಅಮ್ಮ, "ಒಂದು ಜೀವ ಉಳಿಸಿದೆ ಬಿಡು" ಎಂದಳು. ಅತ್ತಿಗೆ ತಟ್ಟೆಯ ಮುಂದಿನಿಂದ ಎದ್ದು ಹೋದರು.

ಕೆಲವು ದಿನಗಳ ಮೇಲೆ ಟೈಲರ್ ಲ್ಯಾಬಿಗೇ ಬಂದಳು.

"ಮೇಡಂ, ತೆಗೆಸಬೇಕಾ, ಬೇಡ್ವಾ?"

"ಈಗ ನಮಗಿರೋ ಮಾಹಿತಿಯಲ್ಲಿ ಗೊತ್ತಿಲ್ಲಮ್ಮ."

"ಹೋದ ತಿಂಗಳು ಗೊತ್ತಿತ್ತಲ್ಲ?"

ಅತ್ತಿಗೆ ಒಬ್ಬಳನ್ನೇ ಎರಡು ಸಲ ಎಣಿಸಿದ್ದನ್ನು ಬಿಡಿಸಿ ಹೇಳಿದರು. ಟೈಲರ್ ಸಿಟ್ಟಾಗಲಿಲ್ಲ, ಆಗಿದ್ದರೇ ವಾಸಿಯಿತ್ತು ಎನ್ನುತ್ತಾರೆ ಅತ್ತಿಗೆ.

"ಅಳತೆ ತಪ್ಪಿದ್ರೆ ನಾನು ಹೊಲಿಗೆ ಬಿಚ್ಚಿ ಮತ್ತೆ ಹಾಕ್ತೀನಿ," ಎಂದಳು ಅವಳು. "ಇಲ್ಲಿ ತೆಗೆದ್ಮೇಲೆ ಮತ್ತೆ ಹಾಕೋಕೆ ಬರ್ತಿತ್ತಾ ಮೇಡಂ?"

ತಾಯಿಯ ಒಡಹುಟ್ಟಿದ ತಂಗಿ, ಅದೇ ರೋಗ ಬಂದು ಗುಣವಾದ ಚಿಕ್ಕಮ್ಮ ಒಬ್ಬಳು ಅವಳಿಗಿದ್ದಳು. ಚಿಕ್ಕಮ್ಮನಲ್ಲೂ ಈ ಬದಲಾವಣೆ ಇದೆಯೇ ಎಂದು ನೋಡಿದರೆ ಏನಾದರೂ ತಿಳಿಯಬಹುದು ಎಂದರು ಅತ್ತಿಗೆ. ಎರಡು ಮನೆಗಳ ನಡುವೆ ಮಾತು ನಿಂತು ಬಹಳ ವರ್ಷಗಳಾಗಿದ್ದವು. ಆದರೂ ಟೈಲರ್ ಹೋಗಿ ಕೇಳಿದಳು, ಚಿಕ್ಕಮ್ಮ ಬೈಯುತ್ತಲೇ ಬಂದು ರಕ್ತ ಕೊಟ್ಟಳು. ಈ ಸಲ ಅತ್ತಿಗೆ ತಾವು ನೋಡಿದ್ದನ್ನು ಇನ್ನೊಬ್ಬರಿಂದಲೂ ಮೊದಲಿನಿಂದ ನೋಡಿಸಿದರು.

ಚಿಕ್ಕಮ್ಮನಲ್ಲೂ ಅದೇ ಅಕ್ಷರ ಬದಲಾಗಿತ್ತು.

ಅತ್ತಿಗೆ ಫೋನ್ ಮಾಡಿದರು. "ಅಪಾಯದ ಕಡೆಗೆ ಸ್ವಲ್ಪ ವಾಲಿದೆ. ಆದ್ರೆ ಖಚಿತವಾಗಿ ಹೇಳೋಕೆ ಇಷ್ಟು ಸಾಲಲ್ಲ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹಾಗಾದ್ರೆ ಮೊದಲು ಒಂದು ಮಗು ಆಗಲಿ ಮೇಡಂ. ಡಾಕ್ಟರು ಹೇಳಿದಾಗೆಲ್ಲ ಹೋಗಿ ತೋರಿಸ್ಕೋತೀನಿ. ಆದ್ರೆ ಅಷ್ಟರಲ್ಲಿ ಏನಾದ್ರೂ ಶುರುವಾದ್ರೆ, ಅವತ್ತು ಆಪರೇಷನ್ ನಿಲ್ಲಿಸಿದ್ದು ತಪ್ಪಾಯ್ತು ಅಂತೀರಾ?"

"ಅದೂ ಗೊತ್ತಿಲ್ಲಮ್ಮ," ಎಂದರು ಅತ್ತಿಗೆ. ಟೈಲರ್, "ಆಯ್ತು, ಇಡ್ತೀನಿ ಮೇಡಂ" ಎಂದಳು.